ಕಲ್ಲಿಗೆ ಬಿಟ್ಟ ಆಟ

ನಮ್ಮ ಊರಿನಲ್ಲಿ ಬೆಳಗ್ಗೆ ಎದ್ದವರು ಮೊದಲು ಮನೆ ಮುಟ್ಟುತ್ತಾರೆ. ಮುಖ ತೊಳೆಯುವುದು, ಹಾಲು ಕಾಯಿಸುವುದು ಎಲ್ಲ ಆಮೇಲೆ. ಬಾಗಿಲು, ಚಿಲಕ, ಕಿಟಕಿಯ ಸರಳು, ಗೂಡಿನ ದೀಪ, ಅಟ್ಟದ ಮೇಲಿನ ಟ್ರಂಕು, ಮೂಲೆಗೆ ಒರಗಿಸಿದ ಕೊಡೆ, ಯಾರೂ ಓದದ ಪುಸ್ತಕ, ಎಲ್ಲದರ ಮೇಲೂ ಒಂದು ಸಲ ಅಂಗೈ ಆಡಿಸಿ ಬರಬೇಕು. ಮನುಷ್ಯರ ಕೈ ತಾಗದ ವಸ್ತುವಿಗೆ ಇಲ್ಲಿ ಕಲ್ಲು ಹಿಡಿಯುತ್ತದೆ. ಮೊದಲು ಹಾಲಿನ ಕೆನೆಯಷ್ಟು ತೆಳ್ಳಗೆ, ಉಗುರಿನಿಂದ ಕೆರೆದರೆ ಏಳುವ ಹಾಗೆ. ಸ್ವಲ್ಪ ದಿನ ಕಳೆದರೆ ರೊಟ್ಟಿಯಷ್ಟು ದಪ್ಪ. ಆಮೇಲೆ ಒಳಗಿರುವುದು ಚೊಂಬೋ ಚಪ್ಪಲಿಯೋ ಎಂದು ಮನೆಯವರಿಗೇ ನೆನಪಿರುವುದಿಲ್ಲ. ನೆಂಟರು ಬಂದರೆ ಕಾಫಿ ಕೊಡುವ ಮುಂಚೆ, “ಹಾಗೇ ಅಟ್ಟದ ಮೇಲೊಂದು ಕೈ ಆಡಿಸಿ ಬನ್ನಿ” ಅನ್ನುವುದು ಇಲ್ಲಿ ಅಮರ್ಯಾದೆಯಲ್ಲ, ಸಲಿಗೆ. ಮಾಳಿಗೆಗೆ ಮಾತ್ರ ನಾವು ಕೈ ಹಾಕುವುದಿಲ್ಲ. ಅದಕ್ಕೆ ಕಲ್ಲು ಹಿಡಿದಷ್ಟೂ ಒಳ್ಳೆಯದು, ಮಳೆಗಾಲದಲ್ಲಿ ಸೋರುವುದಿಲ್ಲ.

ಮಕ್ಕಳಿರುವ ಮನೆ ಯಾವುದು, ಇಲ್ಲದ ಮನೆ ಯಾವುದು ಎಂದು ಈ ಊರಿನಲ್ಲಿ ಬೀದಿಯಿಂದಲೇ ಹೇಳಬಹುದು. ಮಕ್ಕಳ ಕೈ ಸುಮ್ಮನಿರುವುದಿಲ್ಲವಲ್ಲ. ನಾವು ಮೂವರು ಹೆಣ್ಣುಮಕ್ಕಳಿದ್ದ ನಮ್ಮ ಮನೆಯಲ್ಲಿ ಕಲ್ಲಿನ ಒಂದು ಚುಕ್ಕೆಯೂ ಕಾಣುತ್ತಿರಲಿಲ್ಲ. ಎದುರು ಮನೆ ನಮ್ಮ ಚಿಕ್ಕವ್ವ ಮುದ್ದಮ್ಮನದು. ದೊಡ್ಡ ಮನೆ, ಮೇಲೊಂದು ಮಹಡಿ, ಮುಂದೆ ಉದ್ದನೆಯ ಕಟ್ಟೆ. ಚಿಕ್ಕಪ್ಪ ಲಾರಿಯ ಮೇಲೆ ಹೋದರೆ ಬರುತ್ತಿದ್ದುದು ಯಾವಾಗಲೋ. ಅವರಿಗೆ ಮಕ್ಕಳಾಗಲಿಲ್ಲ. ಅಷ್ಟು ದೊಡ್ಡ ಮನೆಯನ್ನು ಆಕೆ ತನ್ನೆರಡು ಕೈಗಳಿಂದ ಮುಟ್ಟಿ ಮುಗಿಸುವ ಹೊತ್ತಿಗೆ ಮಧ್ಯಾಹ್ನವಾಗುತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ನಗುನಗುತ್ತಾ ಮುಟ್ಟುತ್ತಿದ್ದಳಂತೆ. ಆಮೇಲೆ ಮಹಡಿಯ ಹಿಂದಿನ ಕೋಣೆ ಕೈತಪ್ಪಿ ಹೋಯಿತು. ಬಾಗಿಲು ಚೌಕಟ್ಟಿಗೆ ಅಂಟಿಕೊಂಡು ಒಂದೇ ಕಲ್ಲಾಯಿತು.

ಆಗ ಅವ್ವ ನನ್ನನ್ನು ಹೊತ್ತಿದ್ದಳು. ತಂಗಿ ಮಹಡಿಯ ಮೆಟ್ಟಿಲ ಮೇಲೆ ಕೂತು ಅಳುವುದನ್ನು ನೋಡಿ ಅವಳ ಕರುಳು ಚುರ್ ಅಂದಿರಬೇಕು. “ಅಳ್ಬೇಡ ಕಣೇ ಮುದ್ದಿ. ಇದೊಂದು ನಿಂದೇ ಅಂತ ಇಟ್ಕೋ. ಎದೆಹಾಲು ಬಿಡಿಸಿದ ಮೇಲೆ ಎತ್ಕೊಂಡು ಹೋಗು” ಎಂದು ಹೊಟ್ಟೆ ಮುಟ್ಟಿ ಮಾತು ಕೊಟ್ಟಳು. ಎದುರು ಮನೆಯೇ ತಾನೇ, ಬೀದಿ ದಾಟಿದರೆ ಮಗು. ಅಪ್ಪನೂ ಹೂಂ ಅಂದಿದ್ದ. ನಾನು ಹುಟ್ಟಿದೆ, ಹಾಲು ಬಿಟ್ಟೆ, ಅಂಬೆಗಾಲಿಟ್ಟೆ, ಸಿಕ್ಕಿದ್ದನ್ನೆಲ್ಲ ಮುಟ್ಟತೊಡಗಿದೆ. ಅವ್ವ ಮಾತ್ರ ಇವತ್ತು ನಾಳೆ ಎಂದು ದಿನ ದೂಡಿದಳು. ಕೊನೆಗೊಂದು ದಿನ ಚಿಕ್ಕವ್ವ ಹೊಸ ತೊಟ್ಟಿಲು ತರಿಸಿ ಕಟ್ಟೆಯ ಮೇಲೆ ಇಟ್ಟಾಗ, ಅವ್ವನಿಗೆ ಕೊಡುವುದಿಲ್ಲ ಅನ್ನಲು ಬಾಯಿ ಬರಲಿಲ್ಲ, ಕೊಡಲು ಕೈ ಬರಲಿಲ್ಲ. “ಒಂದಾಟ ಚೌಕಾಬಾರ ಆಡಾಣ. ನೀನು ಗೆದ್ರೆ ಎತ್ಕೊಂಡು ಹೋಗು, ನಾನು ಎರಡ್ನೇ ಮಾತಾಡಲ್ಲ” ಎಂದಳು. ಕೊಟ್ಟ ಮಾತನ್ನು ಆಟಕ್ಕಿಡುವುದು ಯಾವ ನ್ಯಾಯ ಎಂದು ಚಿಕ್ಕವ್ವ ಕೇಳಬಹುದಿತ್ತು. ಕೇಳಲಿಲ್ಲ. ಮಣೆ ತಂದಳು.

ಅವರ ಕಟ್ಟೆಯ ಮೇಲೆಯೇ ಆಟ. ನಾಲ್ಕು ಕವಡೆ, ಬಳೆಚೂರಿನ ಕಾಯಿಗಳು. ನಾನು ಪಕ್ಕದಲ್ಲೇ ಚಾಪೆಯ ಮೇಲೆ ಕೂತು ಸೌಟು ಬಡಿಯುತ್ತಿದ್ದೆನಂತೆ. ಆಟ ಹಗ್ಗದ ಹಾಗೆ ಜಗ್ಗಾಡಿ, ಚಿಕ್ಕವ್ವನ ಕೊನೆಯ ಕಾಯಿ ಹಣ್ಣಾಗಲು ಎಂಟು ಬೀಳಬೇಕು ಅನ್ನುವಲ್ಲಿಗೆ ಬಂತು. ಎಂಟು ಎಂದರೆ ನಾಲ್ಕೂ ಕವಡೆ ಬಾಯಿ ಕೆಳಗಾಗಿ ಬೋರಲು. ಅವಳು ಹಾಕಿದಳು. ಮೂರು ಬೋರಲು ಬಿದ್ದವು. ನಾಲ್ಕನೆಯದು ಉರುಳಿ ಹೋಗಿ ಮಣೆಯ ಅಂಚಿಗೆ ಓರೆಯಾಗಿ ಒರಗಿತು. “ಎಂಟು!” ಎಂದು ಚಿಕ್ಕವ್ವ ಕೂಗಿದಳು. “ಎಲ್ಲೇ ಎಂಟು? ಅದು ಅಂಗಾತ ಬಿದ್ದೈತೆ. ಒಂದು” ಅಂದಳು ಅವ್ವ. ಎಂಟು, ಒಂದು, ಎಂಟು, ಒಂದು. ಅವ್ವ ಕವಡೆಗೆ ಕೈ ಚಾಚುವಷ್ಟರಲ್ಲಿ ಚಿಕ್ಕವ್ವ ಚೀರಿದಳು: “ಮುಟ್ಬೇಡ! ಕಲ್ಲಿಗೆ ಬಿಡು!”

ಹಾಗೆ ಅಂದ ಮೇಲೆ ಯಾರೂ ಮುಟ್ಟುವಂತಿಲ್ಲ. ಅದು ನಮ್ಮೂರಿನ ಕಟ್ಟಳೆ. ತೀರ್ಮಾನವಾಗದ ಜಗಳವನ್ನು ಇದ್ದಲ್ಲೇ ಇದ್ದ ಹಾಗೆಯೇ ಬಿಟ್ಟು ಎದ್ದು ಬರುತ್ತಾರೆ. ಅದಕ್ಕೆ ಕಲ್ಲು ಹಿಡಿಯುತ್ತದೆ. ಮುಂದೆ ಇಬ್ಬರೂ ಒಪ್ಪಿದರೆ ಮಾತ್ರ ಬಿಡಿಸಬಹುದು, ಒಬ್ಬರು ಬೇಡ ಎಂದರೆ ಇನ್ನೊಬ್ಬರು ಕಾಯಬೇಕು. ಬೀದಿಯ ಹಿರಿಯರೊಬ್ಬರು ಕೂತು ನೋಡಬೇಕು. ಒಬ್ಬರು ಸತ್ತರೆ ಮುಗಿಯಿತು, ಆ ಕಲ್ಲನ್ನು ಎಂದೆಂದಿಗೂ ತೆರೆಯುವಂತಿಲ್ಲ. ಇನ್ನೊಂದು ಕಟ್ಟಳೆಯೂ ಇದೆ. ಕಲ್ಲನ್ನು ಕರಗಿಸುವುದು ಆಸಿಡ್, ಆದರೆ ಜಗಳದ ಕಲ್ಲಿಗೆ ಅಂಗಡಿಯದನ್ನು ಹಾಕಬಾರದು, ಮನೆಯಲ್ಲೇ ಬಟ್ಟಿ ಇಳಿಸಿದ್ದಾಗಬೇಕು. ಅಂಗಡಿಯದು ಕಬ್ಬಿಣದ ಅಂಶ ಸೇರಿ ಹಳದಿಯಾಗಿರುತ್ತದೆ, ಬಿದ್ದಲ್ಲಿ ತುಕ್ಕಿನ ಕಲೆ ಬಿಡುತ್ತದೆ. ಕಲೆ ಬಿದ್ದರೆ ಜಗಳ ಬಿಡಿಸಲು ಹೋಗಿ ಹೊಸ ಜಗಳ ಕಟ್ಟಿಕೊಂಡಂತೆ.

ನನ್ನ ವಯಸ್ಸೆಷ್ಟೋ ಆ ಕಲ್ಲಿನ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ. ಕಟ್ಟೆಯ ಮೇಲೆ ಮೊದಲು ಮಣೆಯ ಆಕಾರದಲ್ಲಿತ್ತಂತೆ. ನಾನು ಶಾಲೆಗೆ ಹೋಗುವ ಹೊತ್ತಿಗೆ ಮಗುಚಿಟ್ಟ ಮೊರದಷ್ಟಾಗಿತ್ತು. ಅಕ್ಕತಂಗಿಯರು ಮಾತು ಬಿಟ್ಟರು. ನಮ್ಮ ಬಾಗಿಲು ಅವರ ಬಾಗಿಲು ಎದುರುಬದುರು. ನನ್ನ ಅಕ್ಕಂದಿರು ಓಡಾಡುವಾಗ ಚಿಕ್ಕವ್ವ ಅವರನ್ನು ನೋಡುತ್ತಿದ್ದಳು, ನಗುತ್ತಲೂ ಇದ್ದಳು. ನಾನು ಹೋದರೆ ಒಳಗೆ ಹೋಗುತ್ತಿದ್ದಳು. ನನ್ನನ್ನು ಹೆಸರು ಹಿಡಿದು ಕರೆದವಳೇ ಅಲ್ಲ. ವರ್ಷ ಕಳೆದಂತೆ ಅವಳ ಮನೆ ಕಿರಿದಾಗುತ್ತಾ ಬಂತು. ಮಹಡಿ ಪೂರ್ತಿ ಹೋಯಿತು. ಚಿಕ್ಕಪ್ಪ ತೀರಿಕೊಂಡ ಮೇಲೆ ಹಿತ್ತಲ ಕಡೆಯ ಕೋಣೆ, ಆಮೇಲೆ ಉಗ್ರಾಣ. ಇತ್ತೀಚೆಗೆ ನಡುಮನೆಯೊಂದರಲ್ಲೇ ಅಡುಗೆ, ಊಟ, ನಿದ್ದೆ. ನಾನು ನಮ್ಮ ಕಿಟಕಿಯಿಂದ ಅದನ್ನು ನೋಡುತ್ತಾ ಬೆಳೆದೆ. ನಾನು ಅಲ್ಲಿದ್ದಿದ್ದರೆ ಆ ಮಹಡಿ ಹೋಗುತ್ತಿರಲಿಲ್ಲ ಎಂಬ ಯೋಚನೆ ನನ್ನನ್ನು ಬಿಟ್ಟಿದ್ದೇ ಇಲ್ಲ.

ಇನ್ನು ಮದುವೆಯ ಮಾತು. ಎರಡು ಸಂಬಂಧ ಬಂದವು. ಹುಡುಗಿ ಒಪ್ಪಿಗೆ, ಮನೆ ಒಪ್ಪಿಗೆ, ಆದರೆ ಧಾರೆ ಎರೆಯುವವರು ಯಾರು ಎಂದು ಕೇಳಿದರು. ಕಲ್ಲಿನೊಳಗೆ ಎಂಟು ಬಿದ್ದಿದ್ದರೆ ನಾನು ಎದುರು ಮನೆಯ ಮಗಳು, ಧಾರೆಯ ಕೈ ಅವರದು. ಬಂದವರು ಕಲ್ಲು ಬಿಡಿಸಿ ಹೇಳಿ ಕಳಿಸಿ ಎಂದು ಎದ್ದು ಹೋದರು. ನನಗೆ ಅದಕ್ಕಾಗಿ ದುಃಖವಾಗಲಿಲ್ಲ. ಹುಡುಗರೂ ಅಂಥ ಚಂದವೇನಿರಲಿಲ್ಲ. ಆದರೆ ಅವರು ಕೇಳಿದ ಪ್ರಶ್ನೆ ನನ್ನದೇ ಪ್ರಶ್ನೆಯಾಗಿತ್ತು. ನಾನು ಯಾವ ಮನೆಯವಳು? ಆಸಿಡ್ ಇಳಿಸುವ ಹುಚ್ಚು ನನಗೆ ಹಿಡಿದದ್ದು ಹಾಗೆ.

ಹುಚ್ಚು ಅನ್ನಬಾರದು, ನಮ್ಮಲ್ಲಿ ಉಪ್ಪಿನಕಾಯಿ ಹಾಕುವ ಹಾಗೆ ಮನೆಮನೆಯಲ್ಲೂ ಇಳಿಸುತ್ತಾರೆ. ಮರೆತುಹೋಗಿ ಕಲ್ಲಾದ ಬೀಗ, ಪಾತ್ರೆ, ಹೊಲಿಗೆ ಯಂತ್ರ ಬಿಡಿಸಲು ಬೇಕಲ್ಲ. ಹೆಚ್ಚಿನವರದು ಮಂದ, ಕೆಲಸಕ್ಕಾದರೆ ಸಾಕು ಅನ್ನುವಂಥದ್ದು. ನನಗೆ ನೀರಿನಂಥದ್ದು ಬೇಕಿತ್ತು. ಗುಜರಿಯವನು ಯಾವುದೋ ಊರಿನ ಮುಚ್ಚಿದ ಕಾಲೇಜಿನಿಂದ ತಂದ ಗುಂಡುಹೊಟ್ಟೆಯ ಗಾಜಿನ ಬುರುಡೆ, ಬಾಗಿದ ಕೊಳವೆ, ಲಾಳಿಕೆ ಕೊಂಡೆ. ಹಗಲು ರವಿಕೆ ಹೊಲಿಯುವುದು, ಭಾನುವಾರ ಹಿತ್ತಲಿನಲ್ಲಿ ಬಟ್ಟಿ. ಉಪ್ಪಿನ ಮೇಲೆ ಗಂಧಕದ ಆಸಿಡ್ ತೊಟ್ಟಿಕ್ಕಿಸಿದರೆ ಹೊಗೆ ಏಳುತ್ತದೆ. ಆ ಹೊಗೆಯನ್ನು ತಣ್ಣೀರು ಕುಡಿಯಬೇಕು. ಕೊಳವೆಯನ್ನು ನೇರವಾಗಿ ನೀರಿನೊಳಗೆ ಇಳಿಸಿದರೆ ನೀರು ಹಿಂದಕ್ಕೆ ಏರಿ ಕಾದ ಬುರುಡೆಗೆ ನುಗ್ಗುತ್ತದೆ. ನನ್ನ ಮೊದಲ ಬುರುಡೆ ಹಾಗೇ ಸಿಡಿದು ಹೋಯಿತು. ಬದುಕಿದ್ದು ಪುಣ್ಯ. ಕೊಳವೆಯ ತುದಿಗೆ ಲಾಳಿಕೆಯನ್ನು ಬೋರಲು ಕಟ್ಟಿ, ಅದರ ಅಂಚು ನೀರಿಗೆ ತಾಗಿಯೂ ತಾಗದ ಹಾಗೆ ಹಿಡಿಯಬೇಕೆಂದು ಆಮೇಲೆ ಕಲಿತೆ. ಗಾಳಿ ಬೆನ್ನಿಗೆ ಇರುವ ಹಾಗೆ ನಿಲ್ಲುವುದು, ಪಕ್ಕದಲ್ಲಿ ಸೋಡಾಪುಡಿ ಕಲಸಿದ ಬಕೆಟ್ಟು ಇಟ್ಟುಕೊಳ್ಳುವುದು, ಎಲ್ಲ ಒಂದೊಂದೇ ಏಟು ತಿಂದು ಬಂದ ಬುದ್ಧಿ. ನನ್ನ ಸೀರೆಗಳಲ್ಲಿ ತೂತಿಲ್ಲದ್ದು ಹುಡುಕಬೇಕು. ಪಕ್ಕದ ಮನೆಯವರು ಭಾನುವಾರ ಬಟ್ಟೆ ಒಣಹಾಕುವುದನ್ನೇ ಬಿಟ್ಟರು.

ಹಾಗೆ ಬಂದದ್ದೂ ಹಳದಿಯೇ. ಉಪ್ಪಿನೊಳಗೂ ಕಬ್ಬಿಣದ ಅಂಶ ಇರುತ್ತದಂತೆ. ಅದನ್ನು ಮತ್ತೆ ಬಟ್ಟಿ ಇಳಿಸಬೇಕು. ಮೊದಲು ಬರುವುದು ಸಪ್ಪೆ, ಅದನ್ನು ಚೆಲ್ಲಬೇಕು. ನಡುವೆ ಒಂದೇ ಕಾವಿನಲ್ಲಿ ಒಂದೇ ಸಮನೆ ಇಳಿಯುವುದಿದೆಯಲ್ಲ, ಅದೇ ಅಸಲು. ತಳದಲ್ಲಿ ಉಳಿಯುವ ಹಳದಿಗೆ ಆಸೆಪಟ್ಟರೆ ಎಲ್ಲ ಕೆಟ್ಟಿತು. ಆ ನಡುವಿನದನ್ನು ಇನ್ನೊಂದು ಸಲ, ಮತ್ತೂ ಒಂದು ಸಲ ಇಳಿಸಿ ಬಿಳಿ ಪಿಂಗಾಣಿ ಬಟ್ಟಲಿಗೆ ಹಾಕಿ ನೋಡಿದರೆ ಬಟ್ಟಲು ಖಾಲಿ ಇದೆಯೇನೋ ಅನ್ನಿಸುತ್ತಿತ್ತು. ಮೇಲೆ ಏಳುವ ತೆಳ್ಳನೆಯ ಹೊಗೆ ಮಾತ್ರ ಅದರ ಗುರುತು. ಬೀದಿಯವರು ಬಂದು ನೋಡಿ ಹೊಗಳಿದರು. ನನಗೂ ಜಂಬ ಬಂತು, ಯಾಕೆ ಸುಳ್ಳು ಹೇಳಲಿ.

ಅವ್ವ ಮಾತ್ರ ಹಿತ್ತಲ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. “ಆ ವಿಷದ ಮುಂದೆ ಕೂತು ಯಾರನ್ನ ಸಾಯ್ಸಬೇಕು ಅಂತಿದ್ದೀಯ?” ಎಂದು ಒಳಗಿನಿಂದಲೇ ಬೈಯುತ್ತಿದ್ದಳು. ಅಪ್ಪ ತೀರಿಕೊಂಡು, ಅಕ್ಕಂದಿರು ಗಂಡನ ಮನೆ ಸೇರಿ, ಮನೆಯಲ್ಲಿ ನಾವಿಬ್ಬರೇ ಉಳಿದಿದ್ದೆವು. ಈಚೆಗೆ ಅವ್ವನಿಗೆ ಎದೆಯ ಕಾಯಿಲೆ. ಕಾಲು ಬಾತುಕೊಂಡು, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನು ಔಷಧಿ ಕೊಡುವುದು ನಮ್ಮ ಸಮಾಧಾನಕ್ಕೆ ಅಂದರು. ಅವರು ಹೋದ ಮೇಲೆ ಅವ್ವ ನನ್ನನ್ನು ಕರೆದಳು. ಗೋಡೆಯ ಕಡೆ ಮುಖ ಮಾಡಿಕೊಂಡೇ, “ನಿನ್ ತಾವ ಬೆಳ್ಳಗಿನ ಆಸಿಡ್ ಐತೇನೇ ರುದ್ರಿ?” ಎಂದಳು.

“ಐತೆ. ಯಾಕವ್ವ?”

“ಮುದ್ದಿಗೆ ಹೇಳಿ ಬಾ. ಕಲ್ಲು ಬಿಡಿಸಾಣ ಅಂತ.”

ಇಷ್ಟು ವರ್ಷ ಬೇಡ ಎಂದವಳು ಈಗ ತಾನಾಗಿ ಕೇಳುತ್ತಿದ್ದಾಳೆಂದರೆ ತಾನು ಕಂಡದ್ದರ ಮೇಲೆ ಅವಳಿಗೆ ಅಷ್ಟು ಧೈರ್ಯ ಇರಬೇಕು, ಸಾಯುವ ಮುಂಚೆ ನನ್ನನ್ನು ಗಟ್ಟಿಯಾಗಿ ತನ್ನವಳು ಮಾಡಿಕೊಂಡು ಹೋಗಬೇಕೆಂದಿದ್ದಾಳೆ ಎಂದುಕೊಂಡೆ. ಹೇಳಿದರೆ ಕೃತಘ್ನೆ ಅಂದುಕೊಳ್ಳುತ್ತೀರಿ, ಆ ಗಳಿಗೆಯಲ್ಲಿ ನನಗೆ ಖುಷಿಯಾಗಲಿಲ್ಲ. ಎಂಟು ಬಿದ್ದಿರಲಿ ಎಂದು ಒಳಗೊಳಗೇ ಹಾರೈಸಿಕೊಂಡವಳು ನಾನು. ಯಾಕೆಂದು ಕೇಳಿದರೆ ಆ ಕಿರಿದಾಗುತ್ತಿರುವ ಮನೆ ಅನ್ನಬಹುದು, ಅಷ್ಟೇ.

ಬುದ್ಧಿ ತಿಳಿದ ಮೇಲೆ ನಾನು ಬೀದಿ ದಾಟಿ ಚಿಕ್ಕವ್ವನ ಬಾಗಿಲಿಗೆ ಹೋದದ್ದು ಅದೇ ಮೊದಲು. ಅವಳು ಒಲೆಯ ಮುಂದೆ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಒಳಗೆ ಹೋಗೋಣವೆಂದರೆ ಹೋಗಲು ಇನ್ನೊಂದು ಕೋಣೆ ಉಳಿದಿರಲಿಲ್ಲ. ವಿಷಯ ಹೇಳಿದೆ. ಸೆರಗಿನಿಂದ ಕೈ ಒರೆಸಿಕೊಂಡಳು.

“ಆಸಿಡ್ ಯಾರ್ದು?”

“ನಾನೇ ಇಳಿಸಿದ್ದು.”

“ಹಳದಿ ಇರಬಾರ್ದು. ಒಂದು ಚುಕ್ಕಿ ಕಲೆ ಬಿದ್ರೂ ನಿಮ್ಮವ್ವ ಅದನ್ನೇ ಕವಡೆ ಬಾಯಿ ಅಂತಾಳೆ.”

“ಬಟ್ಟಲಿಗೆ ಹಾಕಿ ತೋರಿಸ್ತೀನಿ ಚಿಕ್ಕವ್ವ. ನೀನೇ ನೋಡು.”

“ಚಿಕ್ಕವ್ವ” ಎಂದು ನಾನು ಕರೆದದ್ದಕ್ಕೋ ಏನೋ ಅವಳು ಮುಖ ತಿರುಗಿಸಿಕೊಂಡಳು. “ನಾಳಿದ್ದು ಬೆಳಗ್ಗೆ ಬರಲಿ. ತಿಪ್ಪೇಶಪ್ಪನಿಗೂ ಹೇಳು” ಎಂದಳು. ತಿಪ್ಪೇಶಪ್ಪ ನಮ್ಮ ಬೀದಿಯ ಬಳೆಗಾರ. ಊರಿನ ಹೆಂಗಸರ ಕೈಗಳನ್ನೆಲ್ಲ ಹಿಡಿದು ಬಳೆ ತೊಡಿಸಿದ ಮುದುಕ. ಯಾರ ಕಡೆಗೂ ವಾಲುವ ಮನುಷ್ಯನಲ್ಲ.

ನಾನು ಹಿಂದೆಯೇ ಕೈ ಪಳಗಿಸಿಕೊಂಡಿದ್ದೆ. ಒಂದು ಬದಿ ಉಜ್ಜಿ ಬೆಳ್ಳಗೆ ಮಾಡಿದ ಹುಣಸೆಬೀಜ ನಾಲ್ಕನ್ನು ಹಲಗೆಯ ಮೇಲೆ ಚೆಲ್ಲಿ, ಕಲ್ಲು ಹಿಡಿಯಲು ಬಿಟ್ಟು, ಆಮೇಲೆ ಬಿಡಿಸುವುದು. ಆ ಜಗಳದ ನಂತರ ನಮ್ಮ ಮನೆಗೆ ಕವಡೆ ಬಂದದ್ದೇ ಇಲ್ಲ. ಅಕ್ಕಂದಿರೂ ನಾನೂ ಹುಣಸೆಬೀಜದಲ್ಲೇ ಆಡಿ ಬೆಳೆದವರು. ಆಸಿಡ್ ಹೊಯ್ದರೆ ಕಲ್ಲು ಬುಸುಗುಟ್ಟಿ ನೊರೆಯಾಗಿ ಇಳಿದುಹೋಗಿ, ಬೀಜಗಳು ಬಿದ್ದ ಮಗ್ಗುಲಲ್ಲೇ ಕೂದಲೆಳೆಯಷ್ಟೂ ಅಲುಗದೆ ಹೊರಗೆ ಬರುತ್ತಿದ್ದವು. ಎಷ್ಟು ಸಲ ಮಾಡಿದರೂ ಹಾಗೇ. ಮರ, ಗಾಜು, ಬೀಜ ಯಾವುದಕ್ಕೂ ಏನೂ ಆಗುತ್ತಿರಲಿಲ್ಲ. ಆದರೂ ಆ ಎರಡು ದಿನ ಒಂದು ಹೊಸ ಶೀಸೆಗಾಗುವಷ್ಟನ್ನು ಇನ್ನೊಮ್ಮೆ ಇಳಿಸಿದೆ.

ಆ ದಿನ ಅವ್ವ ನನ್ನ ಹೆಗಲು ಹಿಡಿದು ಬೀದಿ ದಾಟಿದಳು. ನಡುವೆ ಎರಡು ಸಲ ನಿಂತು ಉಸಿರು ಎಳೆದುಕೊಂಡಳು. ಅವಳ ಭಾರವೆಲ್ಲ ನನ್ನ ಮೇಲಿತ್ತು. ತಿಪ್ಪೇಶಪ್ಪ ಬಂದು ಕಟ್ಟೆಯ ಕಂಬಕ್ಕೆ ಒರಗಿ ಕೂತಿದ್ದ. ಚಿಕ್ಕವ್ವ ಕಟ್ಟೆ ಗುಡಿಸಿ, ಕಲ್ಲಿನ ಎರಡೂ ಬದಿಗೆ ಚಾಪೆ ಹಾಸಿದ್ದಳು. ಇಬ್ಬರೂ ಅಂದು ಕೂತಿದ್ದ ಜಾಗದಲ್ಲೇ ಎದುರುಬದುರಾಗಿ ಕೂತರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎಷ್ಟು ಮುದುಕಿಯರಾಗಿದ್ದಾರೆ ಇಬ್ಬರೂ ಎಂದು ನನಗೆ ಆಗ ಹೊಳೆಯಿತು. ಬಿಳಿ ಬಟ್ಟಲಿಗೆ ಆಸಿಡ್ ಹಾಕಿ ಮೊದಲು ಚಿಕ್ಕವ್ವನಿಗೆ, ಆಮೇಲೆ ಅವ್ವನಿಗೆ, ಕೊನೆಗೆ ತಿಪ್ಪೇಶಪ್ಪನಿಗೆ ತೋರಿಸಿದೆ.

“ನೀರಿದ್ದಂಗೈತೆ ಕಣಮ್ಮ. ಹುಯ್ಯಿ” ಅಂದ ತಿಪ್ಪೇಶಪ್ಪ.

ಮೊದಲು ಅಂಚಿನಿಂದ ಶುರುಮಾಡಿದೆ. ಹುಯ್ಯುವುದು, ನೊರೆ ಇಳಿಯುವವರೆಗೆ ಕಾಯುವುದು, ಮೆತ್ತಗೆ ನೀರು ಬಿಟ್ಟು ತೊಳೆಯುವುದು, ಮತ್ತೆ ಹುಯ್ಯುವುದು. ಮೊರದಷ್ಟಿದ್ದ ಕಲ್ಲು ತಟ್ಟೆಯಷ್ಟಾಯಿತು. ಮಣೆಯ ಅಂಚು ಕಂಡಿತು, ಹೊಸದರ ಹಾಗೆ. ಆಮೇಲೆ ಒಂದು ಹಸಿರು ಬಳೆಚೂರು, ಅದರ ಪಕ್ಕ ಇನ್ನೊಂದು. ಚಿಕ್ಕವ್ವನ ಬಾಯಿಂದ ಸಣ್ಣ ಶಬ್ದವೊಂದು ಹೊರಟಿತು. ಕೆಂಪು ಚೂರುಗಳು ಅವ್ವನವು. ಎಲ್ಲ ಅವರಿಬ್ಬರೂ ಹೇಳುತ್ತಿದ್ದ ಮನೆಗಳಲ್ಲೇ ಇದ್ದವು. ಇನ್ನು ಉಳಿದದ್ದು ಕವಡೆ ಬಿದ್ದ ಮೂಲೆ. ಅಲ್ಲಿ ಕಲೆಯಾಗಬಾರದೆಂದು ಹೊಸ ಶೀಸೆ ತೆರೆದು, ಎಲ್ಲಕ್ಕಿಂತ ಬಿರುಸಾದದ್ದನ್ನು, ಎಲ್ಲಕ್ಕಿಂತ ತಿಳಿಯಾದದ್ದನ್ನು ಹುಯ್ದೆ.

ನೊರೆ ಉಕ್ಕಿತು. ಬೆಳ್ಳನೆಯ ಕಲ್ಲಿನ ಮೇಲೆ ಬೆಳ್ಳನೆಯ ನೊರೆ, ಏನೂ ಕಾಣಲಿಲ್ಲ. ಸ್ವಲ್ಪ ಇಳಿದಾಗ ಮೂರು ಉಬ್ಬುಗಳು ಕಂಡವು. ಅಂಚಿನಲ್ಲಿ ಒರಗಿದ್ದ ನಾಲ್ಕನೆಯದರ ತುದಿಯೂ ಕಂಡಿತು. ಎಲ್ಲರೂ ಬಗ್ಗಿದೆವು. ಆದರೆ ನೊರೆ ನಿಲ್ಲಲಿಲ್ಲ. ಉಬ್ಬುಗಳಿಂದಲೇ ಬುಸುಗುಟ್ಟುತ್ತಾ ಏಳುತ್ತಿತ್ತು. ಹುಣಸೆಬೀಜ ಹೀಗೆ ಮಾಡಿರಲಿಲ್ಲ. ನೋಡುತ್ತಿದ್ದ ಹಾಗೆ ಒಂದು ಕವಡೆಯ ಬೆನ್ನಿನಲ್ಲಿ ತೂತು ಬಿತ್ತು. ಕವಡೆಯೂ ಕಲ್ಲಿನ ಜಾತಿಯದೇ ಎಂದು ನನಗೆ ತಿಳಿದದ್ದು ಆಗ. ನಮ್ಮೂರಿನಲ್ಲಿ ಸಮುದ್ರ ಕಂಡವರಿಲ್ಲ, ಕವಡೆ ಏನು, ಎಲ್ಲಿಯದು ಎಂದು ಕೇಳಿದವರಿಲ್ಲ. ದಿನವೂ ಕೈಯಲ್ಲಾಡುವ ವಸ್ತು ಅದು. ಅದಕ್ಕೆ ಕಲ್ಲು ಹಿಡಿಯಲು ಯಾರೂ ಬಿಟ್ಟಿರಲಿಲ್ಲ, ಅದರ ಹತ್ತಿರ ಆಸಿಡ್ ಯಾರೂ ತಂದಿರಲಿಲ್ಲ.

“ನನ್ ಕವಡೆ!” ಎಂದು ಚಿಕ್ಕವ್ವ ಆ ಕುದಿಯುವ ನೊರೆಯೊಳಕ್ಕೆ ಬರಿಗೈ ಚಾಚಿದಳು.

ಅವ್ವ ಅವಳ ಮುಂಗೈಯನ್ನು ಗಪ್ಪನೆ ಹಿಡಿದಳು. ನಾಲ್ಕು ಹೆಜ್ಜೆ ನಡೆಯಲಾರದವಳಿಗೆ ಅಷ್ಟು ಬಲ ಎಲ್ಲಿಂದ ಬಂತೋ. “ಕೈ ಸುಟ್ಕೊತೀಯ ಕಣೇ! ಬಿಡೇ! ಹೋಗ್ಲಿ ಬಿಡೇ ಮುದ್ದಿ!” ಚಿಕ್ಕವ್ವ ಕೊಸರಾಡಿದಳು, ಅವ್ವ ಬಿಡಲಿಲ್ಲ. ನಾನು ಗಾಬರಿಯಲ್ಲಿ ಬಕೆಟ್ಟಿನ ನೀರು ಎತ್ತಿ ಸುರಿದೆ. ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಉಳಿದಿದ್ದ ಕವಡೆಗಳು ಒಡೆದು ನೀರಿನ ಜೊತೆ ಹರಿದು ಕಟ್ಟೆಯಿಂದ ಕೆಳಗೆ ಬಿದ್ದವು. ಮಣೆಯ ಮೇಲೆ ಬಳೆಚೂರುಗಳಿದ್ದವು. ಕವಡೆ ಇದ್ದ ಮೂಲೆಯಲ್ಲಿ ಒದ್ದೆ ಮರವಿತ್ತು.

ಚಿಕ್ಕವ್ವ ಆ ಮೂಲೆಯನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಅವಳು ಕಾದಿದ್ದ ಒಂದೇ ಒಂದು ಸಾಕ್ಷಿ ಅದು. ಮಹಡಿ ಹೋಯಿತು, ಗಂಡ ಹೋದ, ಕೋಣೆಗಳು ಹೋದವು, ಕಟ್ಟೆಯ ಮೇಲೆ ಆ ಕಲ್ಲಿತ್ತು. ಅದನ್ನು ನಾನು ನನ್ನ ಕೈಯಾರೆ, ನನ್ನ ಜಂಬದ ನೀರಿನಂಥ ಆಸಿಡ್‌ನಿಂದ ಕರಗಿಸಿದ್ದೆ. ತಿಪ್ಪೇಶಪ್ಪ ಕೆಮ್ಮಿ, ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ. ಹಿರಿಯನಾಗಿ ಹೇಳಬೇಕಾದ್ದನ್ನು ಅವನು ಹೇಳಲೇಬೇಕಿತ್ತು.

“ಕಲ್ಲು ಏನೂ ಹೇಳ್ಲಿಲ್ಲ. ಯಾರೂ ಕಾಣ್ಲಿಲ್ಲ. ಇಷ್ಟು ದಿನ ಹೆಂಗಿತ್ತೋ ಹಂಗೇ ಇರ್ತದೆ. ಮಗು ಹಾಲಮ್ಮನ ಮನೇದು.”

ಹಾಲಮ್ಮ ಎಂದರೆ ನಮ್ಮ ಅವ್ವ. ಕಟ್ಟಳೆಯ ಪ್ರಕಾರ ಅಲ್ಲಿಗೆ ಮುಗಿಯಿತು. ಇನ್ನು ಯಾರೂ ಆ ಮಾತನ್ನು ಎತ್ತುವಂತಿರಲಿಲ್ಲ, ಎತ್ತಿದರೂ ತೋರಿಸಲು ಏನೂ ಇರಲಿಲ್ಲ. ಅವ್ವ ತಂಗಿಯ ಮುಂಗೈಯನ್ನು ಇನ್ನೂ ಹಿಡಿದುಕೊಂಡೇ ಇದ್ದಳು. ತಲೆ ತಗ್ಗಿಸಿ, ಆ ಕೈಯನ್ನೇ ನೋಡುತ್ತಾ, ಉಸಿರು ಎಳೆದು ಎಳೆದು ಹೇಳಿದಳು.

“ಬೋರಲೇ ಬಿದ್ದಿತ್ತು ಕಣೇ. ಎಂಟು.”

ಚಿಕ್ಕವ್ವ ತಲೆ ಎತ್ತಿದಳು.

“ನಾನು ಈ ಕಡೆ ಕೂತಿದ್ನಲ್ಲ, ಸರಿಯಾಗಿ ಕಂಡಿತ್ತು. ನೀನು ಕೂಗೋಕೆ ಮುಂಚೇನೇ ಕಂಡಿದ್ದೆ. ಇವಳು ಇಲ್ಲಿ ಸೌಟು ಬಡೀತಾ ಕೂತಿದ್ಲು. ಕೊಡಕಾಗ್ಲಿಲ್ಲ ಕಣೇ ಮುದ್ದಿ. ಆಮೇಲೆ ಹೇಳಕ್ಕೂ ಆಗ್ಲಿಲ್ಲ. ಕಲ್ಲೇ ಹೇಳಿಬಿಡಲಿ, ನಾನು ಬಾಯಿ ಬಿಡೋದು ತಪ್ತದೆ ಅಂತ ಇವತ್ತು ಬಂದೆ. ಅದೂ ಹೇಳ್ಲಿಲ್ಲ.”

ಚಿಕ್ಕವ್ವನ ಮುಖದಲ್ಲಿ ಸಿಟ್ಟು ಬರುತ್ತದೆಂದು ಕಾದೆ. ಬರಲಿಲ್ಲ. ಅವಳು ಅವ್ವನ ಬಾತ ಕಾಲುಗಳನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಹೊಸ ಮಾತು ಕಲಿಯುವವಳ ಹಾಗೆ ತಡೆದು, “ರುದ್ರಿ” ಎಂದಳು. “ಉಂಡ್ಕಂಡು ಹೋಗ್ತೀಯೇನೇ? ಅನ್ನಕ್ಕಿಟ್ಟಿದೀನಿ.”

ನಾನು ಅವ್ವನ ಮುಖ ನೋಡಿದೆ. ಅವಳು ತಂಗಿಯ ಕೈ ಬಿಟ್ಟು, ಕಂಬ ಹಿಡಿದುಕೊಂಡು ಎದ್ದಳು. ನಾನು ಹೆಗಲು ಕೊಡಲು ಹೋದರೆ ಬೇಡ ಎಂದು ಕೈಯಾಡಿಸಿದಳು. ತಿಪ್ಪೇಶಪ್ಪ ಕೈ ಚಾಚಿದ, ಅವನಿಗೂ ಬೇಡ ಅಂದಳು. ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಬುದ್ಧಿ ತಿಳಿದಾಗಿನಿಂದ ಅವಳು ಎಲ್ಲಿಂದ ಹೊರಟರೂ “ಬಾರೇ ರುದ್ರಿ” ಅನ್ನದೆ ಹೊರಟವಳಲ್ಲ. ಮದುವೆಮನೆಯಿಂದ, ಸ್ಮಶಾನದಿಂದ, ಎರಡು ಮನೆ ಆಚೆಯ ಅಂಗಡಿಯಿಂದ ಕೂಡ. ಆ ಮಾತು ಈಗಲೂ ಬರುತ್ತದೆ ಎಂದು ನಾನು ಖಾಲಿ ಶೀಸೆ ಹಿಡಿದು ಕಾಯುತ್ತಾ ನಿಂತೆ.

ನಡುಬೀದಿಯಲ್ಲಿ ಅವಳು ನಿಂತಳು. ಬೆನ್ನು ಏರಿ ಇಳಿಯುತ್ತಿತ್ತು, ಉಸಿರಿಗಾಗಿ ತಡಕಾಡುತ್ತಿದ್ದಳು. ಅವಳ ಮೇಲೆ ನನಗೆ ಎಂಥ ಸಿಟ್ಟು ಬಂದಿತ್ತೆಂದು ಹೇಳಲಾರೆ. ಅವಳಿಲ್ಲದೆ ನಾನಿಲ್ಲ ಅನ್ನಿಸಿದ್ದೂ ಆಗಲೇ. ಎಂಟು ಬೀಳಲಿ ಎಂದು ಇಷ್ಟು ದಿನ ಹಾರೈಸಿದ ನಾನೇ, ಒಂದು ಸಲ ಕರೆಯಲಿ, ಒಂದೇ ಒಂದು ಸಲ ತಿರುಗಿ ನೋಡಲಿ ಎಂದು ಬೇಡಿಕೊಂಡೆ. ಕರೆದಿದ್ದರೆ ಶೀಸೆ ಬಿಸಾಡಿ ಓಡಿಹೋಗುತ್ತಿದ್ದೆ. ಅದು ನನ್ನನ್ನು ಹೆತ್ತವಳಿಗೆ ಗೊತ್ತಿಲ್ಲದ್ದೇನಲ್ಲ. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಕರೆಯದೆ, ಬೀದಿ ದಾಟಿ ಹೋದಳು.